ತಪ್ಪು ಬೇಸಾಯದ ಸುವಾರ್ತೆ

ಮಣ್ಣು ಮುಟ್ಟಿದವನಿಗೆ ದೇವರು ಹತ್ತಿರ ಎಂಬ ಮಾತು ನಮ್ಮ ಚರ್ಚುಗಳಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಭಾನುವಾರದ ಪ್ರಸಂಗಕ್ಕೆ ವಿಷಯ ಹೊಳೆಯದ ಪಾದ್ರಿಗಳು ಮೊದಲು ಇಳಿಯುವುದೇ ತೋಟಕ್ಕೆ. ಕಳೆ ಎಂದರೆ ಪಾಪ, ಗೊಬ್ಬರ ಎಂದರೆ ಬಾಳಿನ ಕಷ್ಟ, ಕತ್ತರಿ ಎಂದರೆ ದೇವರ ಶಿಸ್ತು, ಫಸಲು ಎಂದರೆ ಪರಲೋಕ. ಬೆವರು ಸುರಿಸಿದವನಿಗೆ, ತಾಳಿಕೊಂಡವನಿಗೆ ಫಲ ಖಂಡಿತ. ಬೆಂಚಿನಲ್ಲಿ ಕೂತವರೆಲ್ಲ ತಲೆದೂಗುತ್ತಾರೆ, ಏಕೆಂದರೆ ಅವರಲ್ಲಿ ಹೆಚ್ಚಿನವರು ಹಾರೆ ಕೆಳಗಿಟ್ಟು ಒಂದು ತಲೆಮಾರೇ ಕಳೆದಿದೆ. ಹಾರೆ ಕೈಯಲ್ಲಿದ್ದವರು ಇಷ್ಟು ಸುಲಭಕ್ಕೆ ತಲೆದೂಗುತ್ತಿರಲಿಲ್ಲ. ತೋಟ ಧರ್ಮದ ಪಾಠ ಹೇಳುತ್ತದೆ ಎಂಬುದಕ್ಕೆ ನನ್ನ ತಕರಾರಿಲ್ಲ, ಯಾವ ಪಾಠ ಎಂಬುದಕ್ಕೆ ಇದೆ. ದುಡಿಮೆಗೆ ತಕ್ಕ ಕೂಲಿ ಎಂಬ ಲೆಕ್ಕವನ್ನು ಕಲಿಯಲು ತೋಟವೇಕೆ, ಯಾವ ಆಫೀಸಾದರೂ ಸಾಕು. ತೋಟ ಕಲಿಸುವುದು ಆ ಲೆಕ್ಕಕ್ಕೆ ಸಿಗದ್ದನ್ನು, ತಾನು ಗಳಿಸದ್ದನ್ನು ಕೈಚಾಚಿ ತೆಗೆದುಕೊಳ್ಳುವುದನ್ನು. ಅದನ್ನು ಕಲಿಯುವುದಕ್ಕೆ ಹಳ್ಳಿಯೇ ಆಗಬೇಕೆಂದಿಲ್ಲ. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಸಾಕು. ಒಂದು ರೀತಿಯಲ್ಲಿ ಹಳ್ಳಿಗಿಂತ ಅದೇ ಮೇಲು.

ಮೊದಲು ಮೂಲಕ್ಕೇ ಹೋಗೋಣ. ಸುವಾರ್ತೆಯಲ್ಲಿ ಬರುವ ಬೇಸಾಯವನ್ನು, ಯಾರದು ಎಂದು ಹೇಳದೆ, ಪುತ್ತೂರು ಕಡೆಯ ಒಬ್ಬ ನುರಿತ ಕೃಷಿಕರ ಮುಂದೆ ವಿವರಿಸಿ ನೋಡಿ. ಒಬ್ಬಾತ ಬೀಜ ಬಿತ್ತಲು ಹೊರಟು ದಾರಿಯ ಮೇಲೆ ಚೆಲ್ಲುತ್ತಾನೆ, ಬಂಡೆಯ ಮೇಲೆ ಚೆಲ್ಲುತ್ತಾನೆ, ಮುಳ್ಳಿನ ಪೊದೆಗೂ ಒಂದು ಹಿಡಿ ಎರಚುತ್ತಾನೆ, ಕೊನೆಗೆ ನೆನಪಾದವನಂತೆ ಒಳ್ಳೆಯ ನೆಲಕ್ಕೂ ಒಂದಿಷ್ಟು ಹಾಕುತ್ತಾನೆ. ಬಿತ್ತನೆ ಬೀಜದ ಕ್ರಯ ಗೊತ್ತುಂಟಾ ಮಾರಾಯ್ರೇ ಅವನಿಗೆ ಎಂದು ಅವರು ಕೇಳದಿದ್ದರೆ ಹೇಳಿ. ಇನ್ನೊಬ್ಬ ಯಜಮಾನನ ಗೋಧಿ ಹೊಲದಲ್ಲಿ ಕಳೆ ಎದ್ದಿದೆ. ಆಳುಗಳು ಕೀಳುತ್ತೇವೆ ಎಂದರೆ ಬೇಡ, ಕೊಯ್ಲಿನವರೆಗೂ ಹಾಗೇ ಇರಲಿ ಎನ್ನುತ್ತಾನೆ. ಮೂರನೆಯವನು ದ್ರಾಕ್ಷಿತೋಟಕ್ಕೆ ಸಂಜೆ ಐದಕ್ಕೆ ಬಂದವನಿಗೂ ಬೆಳಗ್ಗೆ ಆರಕ್ಕೆ ಬಂದವನಿಗೂ ಒಂದೇ ಸಂಬಳ ಎಣಿಸಿಕೊಡುತ್ತಾನೆ. ಅಡಿಕೆ ಕೊಯ್ಲಿನಲ್ಲಿ ಒಂದು ದಿನ ಹೀಗೆ ಮಾಡಿ ನೋಡಿ, ಮರುದಿನ ಐದು ಗಂಟೆಗೆ ಮೊದಲು ತೋಟದಲ್ಲಿ ಕಾಗೆ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಮತ್ತೊಂದೆಡೆ ಮೂರು ವರ್ಷ ಕಾಯಿ ಬಿಡದ ಅಂಜೂರದ ಮರವನ್ನು ಕಡಿಯಿರಿ ಎಂದು ಧಣಿ ಹೇಳಿದರೆ, ತೋಟಗಾರ ಇನ್ನೊಂದು ವರ್ಷ ಬಿಡಿ, ಗೊಬ್ಬರ ಹಾಕುತ್ತೇನೆ ಎಂದು ಅಂಗಲಾಚುತ್ತಾನೆ. ಸಂತ ಪೌಲನಂತೂ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕಾಡು ಆಲಿವ್‌ನ ಕೊಂಬೆಯನ್ನು ತಂದು ಊರ ಆಲಿವ್‌ಗೆ ಕಸಿ ಕಟ್ಟುತ್ತಾನೆ. ನರ್ಸರಿಯಲ್ಲಿ ಗೇರುಗಿಡಕ್ಕೆ ಕಸಿ ಕಟ್ಟುವ ಹುಡುಗನನ್ನು ಕೇಳಿ: ಬುಡ ಕಾಡಿನದು, ತುದಿ ಒಳ್ಳೆಯ ತಳಿಯದು, ಯಾರಾದರೂ ತಿರುಗಿಸಿ ಕಟ್ಟುತ್ತಾರೆಯೇ? ಮಜಾ ಎಂದರೆ ಪೌಲನಿಗೆ ಇದು ಗೊತ್ತಿತ್ತು. ಇದು ಪ್ರಕೃತಿಗೆ ವಿರುದ್ಧ ಎಂದು ಅವನೇ ಅಲ್ಲಿ ಒಪ್ಪಿಕೊಂಡಿದ್ದಾನೆ.

ವಿದ್ವಾಂಸರು ಒಂದು ಸಮಜಾಯಿಷಿ ಕೊಡುತ್ತಾರೆ. ಆ ಕಾಲದ ಪ್ಯಾಲೆಸ್ತೀನಿನಲ್ಲಿ ಮೊದಲು ಬಿತ್ತಿ ಆಮೇಲೆ ಉಳುತ್ತಿದ್ದರಂತೆ, ಹಾಗಾಗಿ ದಾರಿಯ ಮೇಲೆ ಬೀಜ ಬಿದ್ದರೆ ಅದು ಪೆದ್ದತನವಲ್ಲವಂತೆ. ಸರಿ, ಬಿತ್ತುವವನನ್ನು ಖುಲಾಸೆ ಮಾಡೋಣ. ಉಳಿದವರ ಗತಿ? ಸಂಜೆ ಐದರ ಕೂಲಿಗೆ ಯಾವ ಉಳುಮೆಯ ಪದ್ಧತಿಯೂ ಸಮಜಾಯಿಷಿ ಆಗಲಾರದು. ಒಬ್ಬ ತಪ್ಪಿದರೆ ಅದು ಕೃಷಿ ಅಜ್ಞಾನ. ಸಾಲಾಗಿ ಎಲ್ಲರೂ ಒಂದೇ ದಿಕ್ಕಿಗೆ ತಪ್ಪಿದರೆ ಅದು ಉದ್ದೇಶ. ದೇವರು ಲೆಕ್ಕ ನೋಡಿ ಕೊಡುವವನಲ್ಲ ಎಂದು ಹೇಳಬೇಕಾದವನು ಲೆಕ್ಕ ಬಿಟ್ಟ ಬೇಸಾಯಗಾರರನ್ನೇ ಹುಡುಕಿ ತಂದಿದ್ದಾನೆ. ಅಂಥ ಕತೆಗಳಿಂದ ಬೆವರಿಗೆ ತಕ್ಕ ಬೆಲೆ ಎಂಬ ಪಾಠ ತೆಗೆಯಬೇಕಾದರೆ ಅವನ್ನು ತಲೆಕೆಳಗು ಮಾಡಿ ಓದಬೇಕು. ಪ್ರಸಂಗಗಳಲ್ಲಿ ನಡೆಯುವುದು ಬಹುಪಾಲು ಅದೇ.

ಇನ್ನು ಮಣ್ಣಿನ ಒಡನಾಟ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎಂಬ ನಂಬಿಕೆ. ಇದನ್ನು ಪರೀಕ್ಷಿಸಲು ಸಿಡ್ನಿಯ ಚರಿತ್ರೆ ತುಂಬ ಅನುಕೂಲ, ಏಕೆಂದರೆ ಅಲ್ಲಿ ಮೊದಲ ಪಾದ್ರಿಗಳೇ ಮೊದಲ ಸಾಲಿನ ರೈತರೂ ಆಗಿದ್ದರು. 1788ರಲ್ಲಿ ಕೈದಿಗಳ ಹಡಗುಗಳ ಜೊತೆ ಬಂದ ರಿಚರ್ಡ್ ಜಾನ್ಸನ್ ದಾರಿಯಲ್ಲಿ ರಿಯೋ ಡಿ ಜನೈರೋದಿಂದ ಕಿತ್ತಳೆ ಬೀಜ ತಂದು ಊರಿದ. ಸರ್ಕಾರದ ಬೆಳೆಗಳು ಕೈಕೊಟ್ಟು ವಸಾಹತು ಹಸಿವಿನಿಂದ ಕಂಗಾಲಾಗಿದ್ದಾಗ ಅವನ ಹೊಲ ಹೆಸರು ಮಾಡಿತ್ತು. ಚರ್ಚು ಕಟ್ಟಿಸಿಕೊಡುವವರಿಲ್ಲದೆ 1793ರಲ್ಲಿ ತಾನೇ ತಡಿಕೆಗೆ ಮಣ್ಣು ಮೆತ್ತಿಸಿ ಒಂದನ್ನು ಕಟ್ಟಿಸಿದ. 1798ರಲ್ಲಿ ಅದು ಸುಟ್ಟುಹೋಯಿತು. ಬೆಳೆ ಚೆನ್ನಾಗಿ ಬಂತು, ಸಭೆ ಮಾತ್ರ ಸೊರಗಿತು. ಅವನ ನಂತರ, 1794ರಲ್ಲಿ ಬಂದ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಇನ್ನೂ ದೊಡ್ಡ ಕುಳ. ಪ್ಯಾರಮಾಟಾದಲ್ಲಿ ಸಾವಿರಾರು ಎಕರೆ, ಕುರಿ ಸಾಕಣೆ, ಉಣ್ಣೆಯನ್ನು ಇಂಗ್ಲೆಂಡಿಗೆ ಒಯ್ದು ರಾಜನಿಂದ ಮೆರಿನೋ ಕುರಿಗಳನ್ನೇ ಬಹುಮಾನವಾಗಿ ತಂದವನು. ಬೀಜ, ಮಂದೆ, ಗೊಬ್ಬರ ಎಲ್ಲವನ್ನೂ ಬಲ್ಲ ಈ ಮಹಾಶಯ ಮ್ಯಾಜಿಸ್ಟ್ರೇಟನೂ ಆಗಿದ್ದ, ಮತ್ತು ಕೈದಿಗಳ ಬೆನ್ನಿಗೆ ಚಾಟಿ ಏಟು ಬರೆದುಕೊಡುವುದರಲ್ಲಿ ಎಷ್ಟು ಧಾರಾಳಿಯಾಗಿದ್ದನೆಂದರೆ ಇಂದಿಗೂ ಆಸ್ಟ್ರೇಲಿಯದಲ್ಲಿ ಚಾಟಿ ಪಾದ್ರಿ ಎಂದರೆ ಅವನೇ. ಕುರಿಗಳಿಗೆ ಒಳ್ಳೆಯ ಕುರುಬನಾಗಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ.

ಈಗ ಡಾಕ್‌ಲ್ಯಾಂಡ್ಸ್‌ಗೆ ಬರೋಣ. ಮೆಲ್ಬರ್ನ್ ನಗರದ ಪಶ್ಚಿಮ ಮಗ್ಗುಲಿನ ಈ ಸುಮಾರು 200 ಹೆಕ್ಟೇರ್ ಒಂದು ಕಾಲಕ್ಕೆ ಜೌಗು. ಮೂಲನಿವಾಸಿ ಕುಲಿನ್ ಜನ ಅಲ್ಲಿ ಮೀನು, ಹಕ್ಕಿ, ಗೆಡ್ಡೆ ಕಂಡುಕೊಂಡಿದ್ದರು. ಬಿಳಿಯರು ಬಂದು ಅದನ್ನು ಕೊಳಚೆಗುಂಡಿ ಮಾಡಿದರು, ಆಮೇಲೆ ಅಗೆದು 1892ರ ಹೊತ್ತಿಗೆ ವಿಕ್ಟೋರಿಯಾ ಡಾಕ್ ಮಾಡಿದರು. ಕಂಟೇನರ್ ಹಡಗುಗಳು ಬಂದ ಮೇಲೆ ಡಾಕ್ ಕೂಡ ಪಾಳು ಬಿತ್ತು. ಈಗ ಗಾಜಿನ ಗೋಪುರಗಳು, 2000ದಲ್ಲಿ ತೆರೆದ ಸ್ಟೇಡಿಯಂ, 2014ರ ಗ್ರಂಥಾಲಯ. ಒಂದು ದೈತ್ಯ ಚಕ್ರವೂ ಇದೆ. 2008ರ ಡಿಸೆಂಬರಿನಲ್ಲಿ ತಿರುಗಲು ತೊಡಗಿ, ಉಕ್ಕಿನಲ್ಲಿ ಬಿರುಕು ಕಂಡು ನಿಂತದ್ದು ಸರಿಯಾಗಿ ನಲವತ್ತು ದಿನಕ್ಕೆ. ನೋಹನ ಮಳೆ, ಮೋಶೆಯ ಬೆಟ್ಟ, ಯೇಸುವಿನ ಉಪವಾಸ ಎಲ್ಲಕ್ಕೂ ನಲವತ್ತೇ ಲೆಕ್ಕವಾದ್ದರಿಂದ ಇಂಜಿನಿಯರುಗಳಾದರೂ ಬೈಬಲ್ ಓದಿಕೊಂಡಿದ್ದರು ಎನ್ನಬಹುದು. ಇಂಥ ಜಾಗದಲ್ಲಿ ತೋಟ ಮಾಡುವವನ ಬಳಿ ಅಜ್ಜನ ಮಣ್ಣಿಲ್ಲ, ಸುಡುಮಣ್ಣಿಲ್ಲ, ಹಟ್ಟಿಗೊಬ್ಬರವಿಲ್ಲ. ಇರುವುದು ಬಾಲ್ಕನಿ, ಇಲ್ಲವಾದರೆ ಸಮುದಾಯ ತೋಟದಲ್ಲಿ ಮಂಚದಷ್ಟು ಅಗಲದ ಒಂದು ಪೆಟ್ಟಿಗೆ. ಮಣ್ಣನ್ನು ಬನ್ನಿಂಗ್ಸ್ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ತರಬೇಕು, ಲಿಫ್ಟಿನಲ್ಲಿ ಏರಿಸಬೇಕು.

ಆ ಚೀಲದ ಬೆನ್ನನ್ನು ಒಮ್ಮೆ ಓದಬೇಕು. ಕೈಗವಸು ಹಾಕಿ, ಮಾಸ್ಕ್ ಹಾಕಿ, ಗಾಳಿಯಾಡುವ ಜಾಗದಲ್ಲಿ ಚೀಲ ಬಿಚ್ಚಿ, ನೀರು ಚಿಮುಕಿಸಿ ಧೂಳು ಅಡಗಿಸಿ, ಉಸಿರಿನಲ್ಲಿ ಎಳೆದುಕೊಳ್ಳಬೇಡಿ, ಕೆಲಸವಾದ ಮೇಲೆ ಕೈ ತೊಳೆಯಿರಿ. ಕುಂಡದ ಮಣ್ಣಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಪುಪ್ಪುಸಕ್ಕೆ ಹೊಕ್ಕರೆ ನ್ಯುಮೋನಿಯಾ. ಎಚ್ಚರಿಕೆ ನ್ಯಾಯವಾದದ್ದೇ, ಪಾಲಿಸಿ. ಆದರೆ ಆದಿಕಾಂಡದಲ್ಲಿ ದೇವರು ಮಣ್ಣಿನ ಮೂಗಿಗೆ ಉಸಿರೂದಿ ಮನುಷ್ಯನನ್ನು ಮಾಡಿದ ಎಂದು ಓದಿ ಬೆಳೆದವರು, ಮಣ್ಣಿನ ಹತ್ತಿರ ಉಸಿರಾಡಬೇಡಿ ಎಂದು ಅಚ್ಚು ಹಾಕಿಸಿದ ಚೀಲದೆದುರು ಒಂದು ಗಳಿಗೆ ತಬ್ಬಿಬ್ಬಾಗುವುದು ಸಹಜ. ಇಷ್ಟೆಲ್ಲ ಮಾಡಿ ನೆಡುವುದು ಏನನ್ನು? ಕನ್ನಡದ ಮನೆಯಾದರೆ ಸಂಶಯವೇ ಬೇಡ, ಕರಿಬೇವು. ಮೆಲ್ಬರ್ನಿನ ಚಳಿಗೆ ಅದು ಜೂನ್ ಹೊತ್ತಿಗೆ ಎಲೆಯುದುರಿಸಿ ಕಡ್ಡಿಯಾಗುತ್ತದೆ. ಒಳಗೆ ತಂದು ಹೀಟರಿನ ಪಕ್ಕ ಇಟ್ಟರೆ ಒಣಗುತ್ತದೆ, ಹೊರಗಿಟ್ಟರೆ ಬಂದರಿನ ಗಾಳಿ ಕುಂಡವನ್ನೇ ಉರುಳಿಸುತ್ತದೆ. ಯಾರೂ ಕೇಳದ ಪುದೀನ ಮಾತ್ರ ಪಕ್ಕದ ಕುಂಡಕ್ಕೂ ನುಗ್ಗಿ ರಾಜ್ಯವಾಳುತ್ತದೆ. ಒಂದು ಅಕ್ಟೋಬರಿನಲ್ಲಿ, ಎಸೆಯಬೇಕೆಂದು ಮೂಲೆಗಿಟ್ಟ ಕಡ್ಡಿ ಗಂಟಿನಲ್ಲಿ ಹಸಿರು ತೋರಿಸಿದರೆ ಅದರಲ್ಲಿ ತೋಟಗಾರನ ಪಾಲೆಷ್ಟು? ಮಣ್ಣು ಅಂಗಡಿಯದು, ನೀರು ನಲ್ಲಿಯದು, ಬಿಸಿಲು ಎದುರಿನ ಗೋಪುರದವರು ಬಿಟ್ಟುಕೊಟ್ಟಷ್ಟು. ಹತ್ತು ಎಕರೆ ಗದ್ದೆಯವನು ನಾನು ಬೆಳೆದೆ ಎಂದು ಹೇಳಿಕೊಳ್ಳಬಲ್ಲ. ಬಾಲ್ಕನಿಯವನು ಹಾಗೆಂದರೆ ಹೆಂಡತಿಯೇ ನಗುತ್ತಾಳೆ. ಡಾಕ್‌ಲ್ಯಾಂಡ್ಸ್ ಮೇಲು ಎಂದದ್ದು ಈ ಕಾರಣಕ್ಕೆ.

ಇದು ತೋಟವೇ ಅಲ್ಲ, ಆಟಿಕೆ. ನಿಜವಾದ ಮಣ್ಣಿನ ಭಕ್ತಿ ಊರಲ್ಲಿದೆ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಯಾವ ಊರಲ್ಲಿ? ದಕ್ಷಿಣ ಕನ್ನಡದಲ್ಲಿ 1974ರ ಭೂಸುಧಾರಣೆಯಿಂದ ಗೇಣಿ ಒಕ್ಕಲಾಗಿದ್ದ ಎಷ್ಟೋ ಕ್ರೈಸ್ತ ಕುಟುಂಬಗಳಿಗೆ ಗದ್ದೆ ಸ್ವಂತವಾಯಿತು. ಮಕ್ಕಳು ಮುಂಬಯಿಗೆ, ಗಲ್ಫಿಗೆ, ಈಗ ಮೆಲ್ಬರ್ನಿಗೆ ಹೋದರು. ಗದ್ದೆಗೆ ಮಣ್ಣು ತುಂಬಿ ಅಡಿಕೆ ಇಟ್ಟರು. ಕಥೋಲಿಕರ ಹೊಸ ಬೆಳೆಯ ಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಆಶೀರ್ವದಿಸಿ ಮನೆಮನೆಗೆ ಹಂಚುವ ಭತ್ತದ ತೆನೆ ಸಿಗುವುದೇ ಕಷ್ಟವಾಗಿ, ತೆನೆಗಾಗಿಯೇ ಒಂದು ತುಂಡು ಗದ್ದೆಯಲ್ಲಿ ನಾಟಿ ಮಾಡಿಸುವ ಚರ್ಚುಗಳಿವೆ. ಪ್ರೊಟೆಸ್ಟೆಂಟ್ ಕಡೆಯ ಬೆಳೆ ಹಬ್ಬದ ಕತೆ ಇನ್ನೂ ಸೊಗಸು. ಬೆಳೆಯ ಮೊದಲ ಪಾಲು ದೇವರಿಗೆ ಎಂದು ತಂದು ಒಪ್ಪಿಸಿ ಏಲಂ ಹಾಕುವುದು ಪದ್ಧತಿ. ಬೆಳೆಯೇ ಇಲ್ಲದವರು ಬೆಳಗ್ಗೆ ಮಾರ್ಕೆಟ್ಟಿನಿಂದ ಕುಂಬಳಕಾಯಿ ಕೊಂಡು ತಂದು ಒಪ್ಪಿಸುತ್ತಾರೆ. ಅದನ್ನು ಮಾರ್ಕೆಟ್ಟಿನ ಹತ್ತರಷ್ಟು ಬೆಲೆಗೆ ಏಲಂ ಹಿಡಿದವರು ಪುನಃ ಚರ್ಚಿಗೇ ಕೊಡುತ್ತಾರೆ, ಅದು ಪುನಃ ಏಲಂ ಆಗುತ್ತದೆ. ಮಧ್ಯಾಹ್ನದೊಳಗೆ ಒಂದೇ ಕುಂಬಳ ಮೂರು ಮನೆಯ ಮಾನ ಉಳಿಸಿ, ಕೊನೆಗೆ ಯಾರದೋ ಸ್ಕೂಟರಿನಲ್ಲಿ ಕೂತು ಹೋಗುತ್ತದೆ. ಇದು ನಾಟಕ ಎನ್ನುವವರಿದ್ದಾರೆ. ನನಗೆ ಇದು ಇಡೀ ವರ್ಷದ ಅತ್ಯಂತ ಶುದ್ಧ ದೇವಶಾಸ್ತ್ರದಂತೆ ಕಾಣುತ್ತದೆ. ತಾನು ಬೆಳೆಯದ್ದನ್ನು ದೇವರಿಗೆ ಕೊಟ್ಟು, ತನಗೆ ಬೇಡದ್ದನ್ನು ದುಬಾರಿಗೆ ಕೊಂಡು, ಕೊಂಡದ್ದನ್ನು ಬಿಟ್ಟುಬಂದು ಸಂತೋಷಪಡುವುದು ಆ ಸಂಜೆ ಐದರ ಕೂಲಿಗೆ ತೀರ ಹತ್ತಿರದ ಸಂಬಂಧಿ.

ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಎಲ್ಲವೂ ಕೃಪೆಯೇ ಆದರೆ ಸೋಮಾರಿಗೆ ಸುಗ್ಗಿಯಲ್ಲವೇ, ದುಡಿಯದವನು ಉಣ್ಣಬಾರದೆಂದು ಇದೇ ಪೌಲ ಥೆಸಲೊನೀಕದವರಿಗೆ ಬರೆಯಲಿಲ್ಲವೇ? ಬರೆದಿದ್ದಾನೆ. ಲೋಕ ಇಂದೋ ನಾಳೆಯೋ ಮುಗಿಯುತ್ತದೆಂದು ಕೈಕಟ್ಟಿ ಕೂತವರ ಕಿವಿ ಹಿಂಡಲು ಬರೆದದ್ದು ಅದು. ನೀರು ಹಾಕದಿದ್ದರೆ ಕರಿಬೇವು ಸಾಯುತ್ತದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ನೀರು ಹಾಕಿದ್ದರಿಂದಲೇ ಬದುಕಿತು ಎಂಬ ಠೇಂಕಾರವನ್ನು ಒಪ್ಪುತ್ತಿಲ್ಲ, ಅಷ್ಟೇ. ಹಳೆಯ ಒಡಂಬಡಿಕೆಯ ಕಾನೂನು ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತಿತ್ತು. ಹೊಲದ ಅಂಚಿನ ಬೆಳೆ ಕೊಯ್ಯಬೇಡ, ಉದುರಿದ ತೆನೆ ಆರಿಸಬೇಡ, ಅದು ಬಡವರದು, ಪರದೇಶಿಯದು ಎಂದು ಯಾಜಕಕಾಂಡ ಹೇಳುತ್ತದೆ. ಬೋವಜನ ಹೊಲದಲ್ಲಿ ತೆನೆ ಆಯ್ದ ರೂತಳು ಇನ್ನೊಂದು ದೇಶದಿಂದ ಬಂದವಳು. ಇಂದಿನ ಮಾತಿನಲ್ಲಿ ವೀಸಾ ಗಟ್ಟಿಯಿಲ್ಲದವಳು. ಬೆಳೆ ಪೂರ್ತಿ ನನ್ನ ಬೆವರಿನದೇ ಆಗಿದ್ದರೆ ಅಂಚು ಬಿಡುವ ಕಾನೂನಿಗೆ ಆಧಾರವೇ ಇರುತ್ತಿರಲಿಲ್ಲ. ಅಂದಹಾಗೆ ಬೈಬಲ್ ತೋಟದಲ್ಲಿ ಶುರುವಾಗುತ್ತದೆ ನಿಜ, ಮುಗಿಯುವುದು ನಗರದಲ್ಲಿ. ಥಳಥಳಿಸುವ ಗೋಡೆ, ಮಧ್ಯೆ ಹರಿಯುವ ನದಿ, ದಂಡೆಯಲ್ಲಿ ತಿಂಗಳಿಗೊಂದು ಫಸಲು ಕೊಡುವ ಮರ: ಪ್ರಕಟಣೆ ಗ್ರಂಥದ ಕೊನೆಯ ಅಧ್ಯಾಯಗಳನ್ನು ಡಾಕ್‌ಲ್ಯಾಂಡ್ಸ್‌ನ ಯಾವ ಬಿಲ್ಡರನೂ ಒಂದಕ್ಷರ ತಿದ್ದದೆ ಜಾಹೀರಾತಿಗೆ ಹಾಕಿಕೊಳ್ಳಬಹುದು.

ಕೊನೆಯದು ಋತುಗಳ ವಿಚಾರ. ಪುನರುತ್ಥಾನವನ್ನು ವಸಂತದ ಚಿಗುರಿಗೆ ಹೋಲಿಸುವ ಪ್ರಸಂಗಗಳು ಮೆಲ್ಬರ್ನಿನಲ್ಲಿ ನಡೆಯುವುದಿಲ್ಲ. ಅಲ್ಲಿ ಈಸ್ಟರ್ ಬರುವುದು ಎಲೆಯುದುರುವ ಕಾಲಕ್ಕೆ. ಈಸ್ಟರಿನ ಮೊಲವೂ ಅಲ್ಲಿ ಸಲ್ಲದು. 1859ರಲ್ಲಿ ವಿಕ್ಟೋರಿಯಾದಲ್ಲಿ ಬೇಟೆಯ ಶೋಕಿಗೆ ಬಿಟ್ಟ ಮೊಲಗಳು ದೇಶವನ್ನೇ ಮೇಯ್ದ ಮೇಲೆ, ಬಿಲ್ಬಿ ಎಂಬ ದೇಶೀ ಪ್ರಾಣಿಯ ಚಾಕಲೇಟ್ ಮಾಡಿ ಹಂಚುವವರಿದ್ದಾರೆ. ಆದರೂ ಸಮಾಧಿಯ ಕಲ್ಲು ಅಲ್ಲೂ ಉರುಳುತ್ತದೆ. ಮೊಂತಿ ಹಬ್ಬದ ಪಾಡು ಇದಕ್ಕಿಂತ ವಿಚಿತ್ರ. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದ ಆರಂಭಿಸಿದರೆನ್ನುವ ಈ ಹಬ್ಬವನ್ನು ಮಂಗಳೂರಿನ ಕಥೋಲಿಕರು ಮೆಲ್ಬರ್ನಿನಲ್ಲೂ ಸಿಡ್ನಿಯಲ್ಲೂ ಬಿಡದೆ ಆಚರಿಸುತ್ತಾರೆ. ಹೊಸ ಬೆಳೆಯ ಹಬ್ಬ, ಸೆಪ್ಟೆಂಬರಿನಲ್ಲಿ. ಆಸ್ಟ್ರೇಲಿಯದ ಭತ್ತದ ನಾಡು ರಿವರೀನಾದಲ್ಲಿ ಆಗ ಬಿತ್ತನೆಯೂ ಆಗಿರುವುದಿಲ್ಲ. ಬಿತ್ತುವುದು ಅಕ್ಟೋಬರಿನಿಂದ, ಕೊಯ್ಯುವುದು ಮಾರ್ಚಿನ ನಂತರ. ಊರಿನಿಂದ ತೆನೆ ತರೋಣವೆಂದರೆ ಬೀಜ, ಬೇರು, ಮಣ್ಣು ಯಾವುದನ್ನೂ ಒಳಗೆ ಬಿಡದ ವಿಮಾನ ನಿಲ್ದಾಣದ ತಪಾಸಣೆ ಇದೆ. ಹಾಗಾದರೆ ತರ್ಕಬದ್ಧವಾಗಿ ಹಬ್ಬವನ್ನು ಏಪ್ರಿಲಿಗೆ ತಳ್ಳಬಹುದಲ್ಲ ಎಂದು ಎಂದಾದರೂ ಒಂದು ಕಮಿಟಿ ಮೀಟಿಂಗಿನಲ್ಲಿ ಯಾರಾದರೂ ಜಾಣರು ಸೂಚಿಸಿಯೇ ಸೂಚಿಸುತ್ತಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ದಿನಾಂಕದ ತಂಟೆಗೆ ಹೋಗಬೇಡಿ. ಇನ್ನೂ ಬಿತ್ತದ, ನಾವು ಬಿತ್ತಲೂ ಇಲ್ಲದ ಬೆಳೆಗೆ ಮುಂಗಡ ಕೃತಜ್ಞತೆ ಹೇಳುವ ಹಬ್ಬ ಇದೊಂದೇ ಉಳಿದಿದೆ; ಸೆಪ್ಟೆಂಬರ್ 8ಕ್ಕೇ ಇರಲಿ.