ಹೊಸ ಕೈಗೆ ಹಾಲಿಲ್ಲ

ನಮ್ಮ ಮನೆಯಲ್ಲಿ ಹಣಕಾಸು, ಗೃಹ, ವಿದೇಶಾಂಗ ಎಲ್ಲ ಖಾತೆಗಳೂ ಹೆಂಡತಿಯ ಬಳಿ ಇವೆ. ನನಗೆ ಉಳಿದಿರುವುದು ಅಳುವ ಖಾತೆ ಒಂದೇ. ಅದನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದೇನೆ. ಅರಸೀಕೆರೆ ಸ್ಟೇಷನ್ನಿನಲ್ಲಿ ಯಾರದೋ ಮಗಳು ರೈಲು ಹತ್ತಿ ಗಂಡನ ಮನೆಗೆ ಹೊರಟರೆ ನನ್ನ ಗಂಟಲು ಕಟ್ಟುತ್ತದೆ. ಆ ಹುಡುಗಿಯ ಅಪ್ಪ ಪಕ್ಕದಲ್ಲೇ ನಿಂತು ಆರಾಮವಾಗಿ ವಡೆ ತಿನ್ನುತ್ತಿರುತ್ತಾನೆ. ನಾನು ಕರವಸ್ತ್ರ ಹುಡುಕುತ್ತಿರುತ್ತೇನೆ. ಒಮ್ಮೆ ಆತನೇ ನನ್ನ ಬೆನ್ನು ಸವರಿ ಸಮಾಧಾನ ಹೇಳಿದ್ದೂ ಉಂಟು.

‘ವಯಸ್ಸಾಯ್ತಲ್ಲ ರೀ, ಹಾರ್ಮೋನು ಏರುಪೇರಾಗಿರುತ್ತೆ’ ಅಂದಳು ಹೆಂಡತಿ. ನನಗೆ ಅವಮಾನವಾಯಿತು. ನನ್ನ ಕರುಣೆ ಶರಣರಿಂದ, ದಾಸರಿಂದ ಇಳಿದು ಬಂದ ಸಂಸ್ಕಾರ ಎಂದು ನಾನು ನಂಬಿದ್ದೆ. ಅದು ಯಾವುದೋ ಗ್ರಂಥಿಯ ರಸ ಎಂದರೆ ಹೇಗಾಗಬೇಡ! ಅವಳ ಮಾತು ಸುಳ್ಳು ಮಾಡಲೆಂದೇ ಓದಲು ಕೂತೆ. ಓದಿದಷ್ಟೂ ಅವಳ ಕಡೆಗೇ ಸಾಕ್ಷಿ ಬೀಳತೊಡಗಿತು.

ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಎಂಬ ಭಾಗವಿದೆಯಂತೆ. ಅದರ ಕೆಳಗೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ. ಮೇಲೆ ತಯಾರಾಗಿ ಕೆಳಗಿನಿಂದ ರಕ್ತಕ್ಕೆ ಇಳಿಯುವ ಆಕ್ಸಿಟೋಸಿನ್ ಬರೀ ಒಂಬತ್ತು ಅಮೈನೊ ಆಮ್ಲಗಳ ಪುಟ್ಟ ಅಣು. ಪಿಟ್ಯುಟರಿಯ ರಸಕ್ಕೆ ಗರ್ಭಕೋಶ ಸಂಕುಚಿಸುತ್ತದೆ ಎಂದು ಹೆನ್ರಿ ಡೇಲ್ ಕಂಡದ್ದು 1906ರಲ್ಲಿ. ವಿನ್ಸೆಂಟ್ ಡು ವಿನ್ಯೊ 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ಕಟ್ಟಿ, 1955ರಲ್ಲಿ ನೊಬೆಲ್ ತೆಗೆದುಕೊಂಡ. ಹೆರಿಗೆಗೆ ಅದು ಬೇಕು, ಮೊಲೆಯಲ್ಲಿ ಹಾಲಿಳಿಯುವುದಕ್ಕೂ ಅದೇ ಬೇಕು.

ಹಾಲು ಎಂದಾಗ ಬಾಣಾವರದ ಕಡೆಯ ನಮ್ಮ ಚಿಕ್ಕಮ್ಮನ ಕೊಟ್ಟಿಗೆ ನೆನಪಾಗುತ್ತದೆ. ಕರುವನ್ನು ಬಿಟ್ಟು, ಅದು ನಾಲ್ಕು ಸಲ ಕೆಚ್ಚಲು ಗುದ್ದಿದ ಮೇಲೆ ಗೌರಿ ಸೊರೆ ಬಿಡುತ್ತಿದ್ದಳು. ಚಿಕ್ಕಮ್ಮನ ಕೈಗೆ ತಂಬಿಗೆ ತುಂಬಿ ನೊರೆ. ಪಟ್ಟಣದ ಸೊಕ್ಕಿನಲ್ಲಿ ನಾನೂ ಒಮ್ಮೆ ಕುಕ್ಕರಗಾಲಲ್ಲಿ ಕೂತೆ. ಗೌರಿ ತಿರುಗಿ ನೋಡಿದಳು. ಸೆಗಣಿ ಮೆತ್ತಿದ ಬಾಲ ನನ್ನ ಕನ್ನಡಕವನ್ನು ಕೊಟ್ಟಿಗೆಯ ಆಚೆ ಮೂಲೆಗೆ ಕಳಿಸಿತು. ತಂಬಿಗೆಗೆ ಒಂದು ಹನಿಯೂ ಬೀಳಲಿಲ್ಲ. ‘ಹೊಸ ಕೈ ಕಣೋ, ಹೆದರಿ ಎತ್ಕೊಂಡ್ಬಿಟ್ಳು’ ಅಂದರು ಚಿಕ್ಕಮ್ಮ. ಹಸು ಬೆದರಿದರೆ ಅಡ್ರಿನಲಿನ್ ಏರಿ ಆಕ್ಸಿಟೋಸಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ಈಗ ಪುಸ್ತಕಗಳು ಹೇಳುತ್ತವೆ. ಪುಸ್ತಕ ಓದದ ಚಿಕ್ಕಮ್ಮ ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ಯಾರನ್ನೂ ಗಟ್ಟಿಯಾಗಿ ಮಾತಾಡಲು ಬಿಡುತ್ತಿರಲಿಲ್ಲ.

ಕರುವಿಗೆ ಕಾಯುವ ತಾಳ್ಮೆ ಇಲ್ಲದವರು ಸೂಜಿ ಹಿಡಿದರು. ಹಸು ಎಮ್ಮೆಗಳಿಗೆ ಆಕ್ಸಿಟೋಸಿನ್ ಚುಚ್ಚಿ ಹಾಲಿಳಿಸುವ ಹಾವಳಿ ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ, ದೇಶದ ಬಳಕೆಗೆ ಈ ಮದ್ದನ್ನು ಸಾರ್ವಜನಿಕ ವಲಯ ಮಾತ್ರ ತಯಾರಿಸಬೇಕೆಂದು ಆಜ್ಞೆ ಮಾಡಿತು. ಆ ಹೊಣೆ ಬಂದದ್ದು ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಕಂಪನಿಗೆ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಿಸಲು ಬೇಕಾದ ಮದ್ದಿಗೆ ತತ್ವಾರವಾದರೆ ತಾಯಂದಿರ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ನೋಡಿ, ನನ್ನ ಕಣ್ಣೀರಿನಿಂದ ಹೊರಟವನು ಕೋರ್ಟು ಮುಟ್ಟಿದೆ.

ಹಾಲಿಳಿಸುವ ಮದ್ದು ಮನಸ್ಸನ್ನೂ ಇಳಿಸೀತೆ? 2005ರಲ್ಲಿ ಜ್ಯೂರಿಕ್‌ನ ಸಂಶೋಧಕರು ಜನರ ಮೂಗಿಗೆ ಆಕ್ಸಿಟೋಸಿನ್ ಸಿಂಪಡಿಸಿ ಹಣದ ಆಟ ಆಡಿಸಿದರು. ಸಿಂಪಡಿಸಿಕೊಂಡವರು ಅಪರಿಚಿತರನ್ನು ಹೆಚ್ಚು ನಂಬಿದರು ಎಂದು ಸುದ್ದಿಯೋ ಸುದ್ದಿ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನಮ್ಮ ಚೀಟಿ ವ್ಯವಹಾರದವರು ಬಾಗಿಲಲ್ಲೇ ಪನ್ನೀರಿನ ಬದಲು ಅದನ್ನೇ ಚಿಮುಕಿಸುತ್ತಿದ್ದರು.

ಡಚ್ ಸಂಶೋಧಕರು 2010ರಲ್ಲಿ ಹೇಳಿದ್ದು ಇನ್ನೂ ಸ್ವಾರಸ್ಯವಾಗಿದೆ. ಈ ರಸ ಎಲ್ಲರ ಮೇಲೂ ಪ್ರೀತಿ ಸುರಿಸುವುದಿಲ್ಲ. ನಮ್ಮವರ ಮೇಲೆ ಮಮತೆ ಹೆಚ್ಚಿಸಿ, ನಮ್ಮವರಿಗೆ ಅಪಾಯ ತರುವವರ ಮೇಲೆ ಎಗರುವಂತೆ ಮಾಡುತ್ತದಂತೆ. ಇದಕ್ಕೆ ನಾನು ಹಾಲೆಂಡಿಗೆ ಹೋಗಬೇಕಾಗಿರಲಿಲ್ಲ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿಯ ಬಾಗಿಲಲ್ಲೇ, ಗುರುವಿನ ಮೇಲೆರಗಲು ಬಂದ ಹುಲಿಯ ಮೇಲೆ ಸಳ ಬಿದ್ದಿದ್ದಾನೆ. ಗುರುವಿನ ಮೇಲೆ ಭಕ್ತಿ, ಹುಲಿಗೆ ಏಟು, ಎರಡೂ ಒಂದೇ ಕ್ಷಣದಲ್ಲಿ ಒಬ್ಬನೇ ಆಸಾಮಿಯಿಂದ. ನೆಂಟರು ಬಂದಾಗಲೆಲ್ಲ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು ಎಂದು ಸುತ್ತಿಸುವ ಕರ್ಮ ಅರಸೀಕೆರೆಯವರಿಗೆ ಇದ್ದದ್ದೇ. 2023ರಲ್ಲಿ ಯುನೆಸ್ಕೊ ಪಟ್ಟ ಸಿಕ್ಕ ಮೇಲಂತೂ ನೆಂಟರ ಸಂಖ್ಯೆ ಏರಿದೆ. ಬೇಲೂರಿನಲ್ಲಿ ಮದನಿಕೆಯೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಅದನ್ನು ನೋಡಿದಾಗಲೆಲ್ಲ ನನ್ನ ಕೈ ತಾನಾಗಿ ಪಂಚೆಗೆ ಹೋಗುತ್ತದೆ. ಕಲ್ಲಿನ ಸಂಕಟಕ್ಕೂ ಮಿಡಿಯುವ ಹೃದಯ ಎಂದು ನೆಂಟರಿಗೆ ಹೇಳಿಕೊಳ್ಳುತ್ತೇನೆ. ಹಳೇಬೀಡಿನ ದೊಡ್ಡ ನಂದಿಯನ್ನೂ ಧೈರ್ಯವಾಗಿ ಹತ್ತಿರದಿಂದ ನೋಡುತ್ತೇನೆ. ಬಾಲ ಬೀಸುವ ಭಯವಿಲ್ಲ.

ಕಲ್ಲಿಗೆ ಮಿಡಿಯುವ ಈ ಹೃದಯ ಮನೆಯ ಕಾಂಪೌಂಡಿನ ಹತ್ತಿರ ಬಂದಾಗ ಯಾಕೋ ನಿಂತುಬಿಡುತ್ತದೆ. ಪಕ್ಕದ ಮನೆಯವರ ತೆಂಗಿನ ಮರ ನಮ್ಮ ಕಡೆ ವಾಲಿದೆ. ನಮ್ಮ ಅಂಗಳಕ್ಕೆ ಬಿದ್ದ ಕಾಯಿ ಯಾರದು? ತೆಂಗಿನ ಸೀಮೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಅವರು ಸ್ಕೂಟರಿನಿಂದ ಜಾರಿ ಬಿದ್ದ ದಿನ ನನ್ನ ಗ್ರಂಥಿ ಒಂದು ಹನಿಯನ್ನೂ ಇಳಿಸಲಿಲ್ಲ. ಗೌರಿಯ ಹಾಗೆ ಪೂರ್ತಿ ಎತ್ತಿಕೊಂಡಿತು. ಸ್ಟೇಷನ್ನಿನ ಹುಡುಗಿಗೆ ಅತ್ತೆನಲ್ಲ ಎಂದು ವಾದಿಸಿದೆ. ‘ಅದೇ ಪ್ಲಾಟ್‌ಫಾರ್ಮಿನಿಂದ ತಾನೇ ನಮ್ಮ ಮಗಳು ಹೋದದ್ದು’ ಅಂದಳು ಹೆಂಡತಿ. ವಾದ ಮುಗಿಯಿತು.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನ್ನ ಮಾನ ಉಳಿಸಿತು. ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟು ಕೂತವರಿಗೆ, ಎದುರಿನಲ್ಲಿ ಸ್ನೇಹಿತನೂ ಹಾಗೇ ಕೈಯಿಟ್ಟಿದ್ದರೆ, ನೋವು ಹೆಚ್ಚಾಗಿ ಕಂಡಿತು: ಅವನ ನೋವೂ ಸೇರಿಕೊಂಡಿತ್ತು. ಅಪರಿಚಿತನಿದ್ದರೆ ಹಾಗಾಗಲಿಲ್ಲ. ಹೊಸಬರ ಎದುರು ಮೈಯಲ್ಲಿ ಒತ್ತಡದ ಹಾರ್ಮೋನು ಏರಿ ಮರುಕಕ್ಕೆ ಅಡ್ಡ ನಿಲ್ಲುತ್ತದೆ. ಆ ಹಾರ್ಮೋನನ್ನು ತಡೆಯುವ ಮದ್ದು ಕೊಟ್ಟಾಗ ಅಪರಿಚಿತನ ನೋವೂ ತಟ್ಟಿತು. ಮದ್ದಿಲ್ಲದೆಯೂ ತಟ್ಟಿತು, ಇಬ್ಬರೂ 15 ನಿಮಿಷ ಒಟ್ಟಿಗೆ ವಾದ್ಯ ಬಾರಿಸುವ ವಿಡಿಯೊ ಗೇಮ್ ಆಡಿದ್ದರೆ! ಅಂದರೆ ಕರುಣೆ ಒಳಗೆ ಇದ್ದೇ ಇರುತ್ತದೆ. ಇಳಿಯದಂತೆ ಹಿಡಿದಿರುವುದು ಹೊಸಬರ ಅಳುಕು. ಚಿಕ್ಕಮ್ಮ ಹೇಳಿದ್ದೂ ಇದನ್ನೇ.

ವಿಡಿಯೊ ಗೇಮ್ ನನ್ನ ಕೈಲಾಗದು. ಒಟ್ಟಿಗೆ ಬಾರಿಸುವುದಕ್ಕೆ ನಮ್ಮ ಬೀದಿಯ ಆಂಜನೇಯನ ಗುಡಿಯಲ್ಲಿ ಶನಿವಾರದ ಭಜನೆ ಇದೆಯಲ್ಲ. ಪಕ್ಕದ ಮನೆಯವರು ಅಲ್ಲಿ ತಾಳ ಹಾಕುತ್ತಾರೆ. ನಾನು ಅವರ ಪಕ್ಕದಲ್ಲಿ ಕೂತು ತಾಳ ತಪ್ಪಿಸುತ್ತೇನೆ. ಫಲವೇನೋ ಕಾಣುತ್ತಿದೆ. ಈಚೆಗೆ ಅವರು ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ನನ್ನ ಸೊಂಟವೂ ಚುಳಕ್ ಎಂದಿತು. ನಮ್ಮ ಅಂಗಳಕ್ಕೆ ಬಿದ್ದ ಕಾಯನ್ನು ಈಗ ಗುಡಿಗೇ ಒಯ್ದು ಒಡೆಸಿ, ಒಂದೊಂದು ಹೋಳು ಹಂಚಿಕೊಳ್ಳುತ್ತೇವೆ. ಕಣ್ಣಿರುವ ಹೋಳು ಯಾರಿಗೆ ಸೇರಬೇಕು ಎಂಬ ತಕರಾರು ಮಾತ್ರ ಹೊಸದಾಗಿ ಶುರುವಾಗಿದೆ.