ಶ್ರುತಿ ಸೇರಿತೇ?

ಮಾರ್ಚ್ 2021, ನ್ಯೂಜೆರ್ಸಿ. ಕೊರೋನಾದಿಂದ ಊರಿಗೆ ಮರಳಲಾಗದ ತಾತನ ಕೈಯಲ್ಲಿ ಚಕ್ಕುಲಿ, ಮೊಮ್ಮಗಳ ಕೈಯಲ್ಲಿ ಫೋನು.

“ತಾತ, ಅಡಿಸನ್ ರೇ ಮೊದಲ್ನೇ ಹಾಡು ಬಂತು! ‘ಅಬ್ಸೆಸ್ಡ್’ ಅಂತ.”

“ಯಾರ ಹತ್ರ ಪಾಠ ಆಗಿದೆ?”

“ಟಿಕ್‌ಟಾಕಲ್ಲಿ ಡ್ಯಾನ್ಸ್ ಮಾಡ್ತಿದ್ಲು. ಕೋಟಿಗಟ್ಲೆ ಫಾಲೋವರ್ಸು.”

“ಅಲ್ಲ ಪುಟ್ಟಿ, ಸಂಗೀತ?”

“ಅದು ಈಗ ಶುರು.”

(ತಾತನಿಗೆ ಸರಳೆವರಸೆ ದಾಟಲು ಎರಡು ವರ್ಷ ಹಿಡಿದಿತ್ತು. ಫಾಲೋವರ್ಸು ಇರಲಿಲ್ಲ, ಪಾಪ.)

“ವಸ್ತು ಏನು? ಭಕ್ತಿನಾ, ವಿರಹನಾ?”

“ತನ್ನ ಮೇಲೆ ತನಗೇ ಪ್ರೀತಿ.”

“ಹಾಗಾದ್ರೆ ವಿರಹಕ್ಕೆ ಜಾಗವೇ ಇಲ್ಲ ಬಿಡು.”

“ಬೆನ್ನಿ ಬ್ಲಾಂಕೊ ಅಂಥ ಫೇಮಸ್ ಸಾಂಗ್‌ರೈಟರ್ಸೆಲ್ಲ ಸೇರಿ ಬರೆದಿದಾರೆ ತಾತ!”

“ತನ್ನನ್ನ ತಾನು ಪ್ರೀತಿಸೋಕೂ ಆಳು ಇಡಬೇಕಾಯ್ತೇ?”

“ಸುಮ್ನೆ ಕೇಳು.”

ಚಕ್ಕುಲಿಯ ಎರಡನೇ ಸುತ್ತು ಮುರಿಯುವಷ್ಟರಲ್ಲಿ ಹಾಡು ಮುಗಿದಿತ್ತು.

“ಹೇಗಿತ್ತು?”

“ಶ್ರುತಿ ನೋಡ್ಕೊಂಡಿದ್ದಾಯ್ತಲ್ಲ, ಇನ್ನು ಹಾಡೋಕೆ ಹೇಳು.”