ಅಡಾಪ್ಟರ್ ರಾಯರ ಉಳಿತಾಯ

ಅಡಾಪ್ಟರ್ ರಾಯರು ಹುಟ್ಟಾ ಜಿಪುಣರು. ಹಾಗಂತ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವರಲ್ಲಿರುವ ರಿಮೋಟ್ ಕಾರುಗಳು ಮೂರು. ಮೂರನ್ನೂ ಕೊಂಡದ್ದು ಉಳಿತಾಯದ ದೃಷ್ಟಿಯಿಂದಲೇ. ಒಂದೇ ಕಾರಿದ್ದರೆ ಅದರ ಚಕ್ರ ಅದೊಂದಕ್ಕೇ ಆಗುತ್ತದೆ, ದಂಡ. ಮೂರಿದ್ದರೆ ಒಂದೇ ಸೆಟ್ಟನ್ನು ಮೂರಕ್ಕೂ ಹಾಕಬಹುದಲ್ಲ!

ಹಾಕಬಹುದಿತ್ತು, ಚಕ್ರ ಕೂರುವ ಹಬ್‌ಗಳೆಲ್ಲ ಒಂದೇ ಅಳತೆಯವಾಗಿದ್ದರೆ. ಅವರ 1:10 ಪ್ರಮಾಣದ ಬಗ್ಗಿಯ ಆಕ್ಸಲ್ ತುದಿಯಲ್ಲಿ ಕೂರುವ ಆರುಮೂಲೆಯ ಹೆಕ್ಸ್ 12 ಮಿ.ಮೀ. 1:8 ಬಗ್ಗಿಯದು 17 ಮಿ.ಮೀ. ಮೂರನೆಯದು ಟಮಿಯಾ ಕಂಪನಿ 1984ರಲ್ಲಿ ಮೊದಲು ತಂದ ಗ್ರಾಸ್‌ಹಾಪರ್. ಅದರಲ್ಲಿ ಮೋಟಾರಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಮುಂದಿನವು ಆಕ್ಸಲ್ ಮೇಲೆ ಸುಮ್ಮನೆ ತಿರುಗುತ್ತವೆ, ಹೆಕ್ಸಿನ ಹಂಗೇ ಅವಕ್ಕಿಲ್ಲ. ಹೋಗಲಿ, ಟೈರನ್ನಷ್ಟೇ ಬದಲಿಸೋಣವೆಂದರೆ ಅದನ್ನು ಸೂಪರ್‌ಗ್ಲೂ ಹಾಕಿ ರಿಮ್ಮಿಗೆ ಅಂಟಿಸಿರುತ್ತಾರೆ. ಮಣ್ಣಿಗೊಂದು, ಟಾರು ರಸ್ತೆಗೊಂದು ಬೇಕೆಂದರೆ ಚಕ್ರವೇ ಬೇರೆ ಬೇಕು.

ಆದ್ದರಿಂದ ಹನ್ನೆರಡನ್ನು ಹದಿನೇಳು ಮಾಡುವ ಅಡಾಪ್ಟರ್ ಬಂತು. 1:8ರ ದೊಡ್ಡ ಚಕ್ರ ಚಿಕ್ಕ ಬಗ್ಗಿಯ ಮೇಲೆ ಕೂತಿತು. ಕೂತದ್ದೇ ಬಾಡಿಯನ್ನು ಉಜ್ಜಿತು. ರಾಯರು ಬಾಡಿ ಕತ್ತರಿಸಿದರು. ಚಕ್ರ ದೊಡ್ಡದಾಗಿ ಮೋಟಾರಿಗೆ ಎಳೆತ ಹೆಚ್ಚಾಯಿತು, ಮುಟ್ಟಲಾಗದಷ್ಟು ಕಾಯಿತು. ಕಡಿಮೆ ಹಲ್ಲಿನ ಪಿನಿಯನ್ ಗೇರ್ ತರಿಸಿದರು. ಚಕ್ರ ಹೊರಕ್ಕೆ ಚಾಚಿ ಬೇರಿಂಗ್ ಹೋಯಿತು, ಅದನ್ನೂ ತರಿಸಿದರು. ಪ್ಲಾಸ್ಟಿಕ್ ಹೆಕ್ಸಿನ ಮೂಲೆಗಳು ಸವೆದು ದುಂಡಗಾದವು, ಅಲ್ಯೂಮಿನಿಯಂ ಬಂತು. ಪ್ರತಿ ಪಾರ್ಸೆಲ್ಲಿಗೂ ರಾಯರ ಮಾತು ಒಂದೇ: “ಇದೊಂದು ಆಗ್ಬಿಟ್ರೆ ಮುಗೀತು ನೋಡು.”

“ಏನ್ರೀ, ಇದೂ ಉಳಿತಾಯಾನಾ?” ಎನ್ನುತ್ತಾರೆ ಮನೆಯಾಕೆ, ಪಾರ್ಸೆಲ್ಲಿಗೆ ಸಹಿ ಹಾಕುತ್ತ.

ಹೆಕ್ಸ್ ಆಕ್ಸಲ್ ಮೇಲೆ ಜಾರದಂತೆ ಹಿಡಿಯುವುದು 2 ಮಿ.ಮೀ. ದಪ್ಪದ ಒಂದು ಅಡ್ಡ ಪಿನ್ನು. ಚಕ್ರ ಬಿಚ್ಚಿದಾಗೆಲ್ಲ ಅದು ಕೆಳಗೆ ಬೀಳುತ್ತದೆ, ಬಿದ್ದ ಕಡೆ ಇರುವುದಿಲ್ಲ. ಒಂದು ಬೆಳಿಗ್ಗೆ ಆಕೆ, “ಕಸದ ಜೊತೆ ಮೊಳೆ ಥರ ಏನೋ ಹೋಯ್ತಪ್ಪ” ಎಂದರು. ರಾಯರು ಲುಂಗಿಯಲ್ಲೇ ಕಸದ ಆಟೋ ಹಿಂದೆ ಓಡಿದರು. ಅವರ ಯಾವ ಕಾರೂ ಅಷ್ಟು ಜೋರಾಗಿ ಓಡಿದ್ದನ್ನು ನಮ್ಮ ಬೀದಿ ನೋಡಿಲ್ಲ.

ಗ್ರಾಸ್‌ಹಾಪರ್‌ನ ಮುಂದಿನ ಚಕ್ರಕ್ಕೆ ಬುಶ್ ಮಾಡಿಸಲು ರಾಯರು ಪೀಣ್ಯದ ಲೇತ್ ಅಂಗಡಿಗೆ ಹೋದರು.

“ಯಾವ ಗಾಡಿಗೆ ಸಾರ್?”

“ಕಾರಿಗೆ.”

“ಎಷ್ಟು ಸಿ.ಸಿ.?”

“ಬ್ಯಾಟರಿದಪ್ಪ.”

“ಓ, ಎಲೆಕ್ಟ್ರಿಕ್ಕಾ! ಅಷ್ಟು ದುಡ್ಡು ಕೊಟ್ಟಿದೀರಿ, ಕಂಪನಿಯವ್ರು ಮಾಡ್ಕೊಡಲ್ವಾ?”

ರಾಯರು ಜೇಬಿನಿಂದ ಅಂಗೈಯಗಲದ ಚಕ್ರ ತೆಗೆದು ಮೇಜಿನ ಮೇಲಿಟ್ಟರು. ಲೇತಿನವನು ಚಕ್ರವನ್ನೊಮ್ಮೆ, ರಾಯರ ನರೆತ ಮೀಸೆಯನ್ನೊಮ್ಮೆ ನೋಡಿ, ಮರುಮಾತಿಲ್ಲದೆ ಕೆಲಸಕ್ಕೆ ತೊಡಗಿದ.

ಕೊನೆಗೂ ಸಾಧಿಸಿದರು. ಯಾವ ಚಕ್ರ ಬೇಕಾದರೂ ಯಾವ ಕಾರಿಗೆ ಬೇಕಾದರೂ! ದಸರಾ ರಜೆಗೆ ತಂಗಿಯ ಮಕ್ಕಳಿಬ್ಬರು ಬಂದರು. “ಮಾವ, ಮೂರೂ ಜನ ಸೇರಿ ರೇಸ್ ಬಿಡೋಣ” ಎಂದರು. ಆಗ ತಿಳಿಯಿತು, ಒಂದೇ ಸೆಟ್ ಚಕ್ರ ಮೂರು ಕಾರಿಗೂ ಆಗುತ್ತದೆ, ಒಂದೇ ಹೊತ್ತಿಗೆ ಆಗುವುದಿಲ್ಲ. ರಾಯರು ಅಂದೇ ಇನ್ನೆರಡು ಸೆಟ್ ಆರ್ಡರ್ ಮಾಡಿದರು. ಒಟ್ಟಿಗೆ ಕೊಂಡರೆ ಡಿಸ್ಕೌಂಟಂತೆ.

ನಿಮಗೂ ಈ ಹುಚ್ಚು ಹಿಡಿದಿದ್ದರೆ ಎರಡನೆಯ ಕಾರು ಕೊಳ್ಳುವ ಮುಂಚೆ ಮೊದಲನೆಯದರ ಹೆಕ್ಸ್ ಅಳೆದು, ಅದೇ ಅಳತೆಯದನ್ನೇ ಕೊಳ್ಳಿ. ಅನುಮಾನವಿದ್ದರೆ ರಾಯರನ್ನು ಕೇಳಿ, ಅವರಷ್ಟು ತಿಳಿದವರಿಲ್ಲ. ಆದರೆ ಅವರ ಮನೆಯಾಕೆಯ ಮುಂದೆ “ಎಲ್ಲ ಸೇರಿ ಎಷ್ಟಾಯ್ತು ರಾಯರೇ?” ಎಂದು ಮಾತ್ರ ಕೇಳಬೇಡಿ.